ಕಳಶದ ಕೆಳಗಿನ ಪುಸ್ತಕ

ಕಾಲೇಜಿನವರು ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ನನ್ನ ಹಣೆ ನೋಡಿ. ನನ್ನ ಓದು ಲೋವರ್ ಸೆಕೆಂಡರಿಗೇ ನಿಂತಿತ್ತು. ಇಂಗ್ಲಿಷಿನಲ್ಲಿ ಅಕ್ಷರ ಗುರುತಿಸುತ್ತಿದ್ದೆ, ಅಂಕಿ ಓದುತ್ತಿದ್ದೆ, ಅಷ್ಟೆ. ಆದರೆ ಹಣೆಯ ಮೇಲೆ ಮೂರೆಳೆ ವಿಭೂತಿ, ಅದರ ನಡುವೆ ಕಾಸಗಲ ಕುಂಕುಮ, ತಲೆ ಮೇಲೆ ಸೆರಗು, ಕೊರಳಲ್ಲಿ ಲಿಂಗ. ಇಂಥವಳೊಬ್ಬಳು ಬಾಗಿಲಲ್ಲಿ ಕೂತಿದ್ದರೆ ಹೆತ್ತವರು ಹೆದರದೆ ಹೆಣ್ಣುಮಕ್ಕಳನ್ನು ಲೈಬ್ರರಿಗೆ ಬಿಡುತ್ತಾರೆ ಅಂತ ಕಮಿಟಿಯವರು ಯೋಚಿಸಿದರು. ಶಿವಮೊಗ್ಗದಲ್ಲಿ ಹುಡುಗಿಯರು ಕಾಲೇಜಿಗೆ ಬರುವುದು ಇನ್ನೂ ನಾಲ್ಕು ಜನ ತಿರುಗಿ ನೋಡುವ ಸಂಗತಿಯಾಗಿದ್ದ ಕಾಲ. ಅವರಿಗೆಂದು ಲೈಬ್ರರಿಯ ಪಕ್ಕದ ಕೋಣೆಗೆ ‘ಮಹಿಳೆಯರ ವಾಚನಾಲಯ’ ಅಂತ ಬೋರ್ಡು ಹಾಕಿದ್ದರು. ಆ ಕೋಣೆಗೆ ನಾನು ಕಾವಲು.

ನಮ್ಮ ಮನೆ ಭದ್ರಾವತಿಯಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನ ಸಾಲಿನಲ್ಲಿ. ಆ ವರ್ಷ ಮನೆಯವರು ಕಾಯಿಲೆ ಬಿದ್ದು ಅರ್ಧ ಸಂಬಳದ ರಜೆಯಲ್ಲಿದ್ದರು. ಅಡುಗೆ ಮುಗಿಸಿ, ಲಿಂಗಪೂಜೆ ಮಾಡಿ, ಅವರ ಗಂಜಿ ಮುಚ್ಚಿಟ್ಟು ಬೆಳಗಿನ ಗಾಡಿಗೆ ಓಡುತ್ತಿದ್ದೆ. ಪಕ್ಕದ ಮನೆಯ ತಮಿಳಮ್ಮ ದಿನಾ ಬಾಗಿಲಲ್ಲಿ ನಿಂತು, “ಎನ್ನಮ್ಮಾ, ಕಾಲೇಜಾ? ಪಾಸ್ ಆಗೋದು ಯಾವಾಗ?” ಅಂತ ನಗುವಳು. ಮಧ್ಯಾಹ್ನ ಮನೆಯವರಿಗೆ ಬಿಸಿ ಸಾರು ಹಾಕುತ್ತಿದ್ದವಳೂ ಅವಳೇ. ಅಂಥ ನೆರೆ ಸಿಕ್ಕಿದ್ದು ನನ್ನ ಪುಣ್ಯ.

ಲೈಬ್ರರಿ ಅಂದರೆ ಒಳಗೆ ಹೋಗಿ ಬೇಕಾದ ಪುಸ್ತಕ ಎತ್ತಿಕೊಂಡು ಬರುವುದಲ್ಲ ಆಗ. ಹಾಲಿನ ಕೊನೆಯಲ್ಲಿ ಕಬ್ಬಿಣದ ಜಾಲರಿ, ಜಾಲರಿಯಲ್ಲಿ ಒಂದು ಕಿಂಡಿ. ಕಿಂಡಿಯ ಹಿಂದೆ ಲೈಬ್ರೇರಿಯನ್ನರು, ಅವರ ಹಿಂದೆ ಪುಸ್ತಕಗಳು. ಹುಡುಗರು ಚೀಟಿಯಲ್ಲಿ ನಂಬರು ಬರೆದು ಕಿಂಡಿಯೊಳಗೆ ಕೊಡುವರು. ಅಟೆಂಡರು ಬೀರುಗಳ ನಡುವೆ ಹೋಗಿ ಪುಸ್ತಕ ತರುವರು. ಪುಸ್ತಕ ಎತ್ತಿದ ಜಾಗದಲ್ಲಿ ಅಷ್ಟೇ ದಪ್ಪದ ಒಂದು ಮರದ ತುಂಡು ಇಟ್ಟು, ಅದಕ್ಕೆ ಚೀಟಿ ಸಿಕ್ಕಿಸಿ ಬರುವರು. ಪುಸ್ತಕ ಹೊರಗಿದೆ, ಅದರ ಜಾಗ ಇನ್ಯಾರಿಗೂ ಅಲ್ಲ ಅನ್ನುವುದಕ್ಕೆ ಅದು ಗುರುತು.

ಹುಡುಗಿಯರು ಮಾತ್ರ ಕಿಂಡಿಯ ಹತ್ತಿರವೂ ಬರುವಂತಿರಲಿಲ್ಲ. ಅದು ಲೈಬ್ರೇರಿಯನ್ನರ ಕಟ್ಟಳೆ. ಹುಡುಗಿಯರು ಕೋಣೆಯಲ್ಲಿ ಕೂತು ಚೀಟಿ ಬರೆಯಬೇಕು, ನಾನು ಒಂದು ತಟ್ಟೆಯಲ್ಲಿ ಇಟ್ಟುಕೊಂಡು ಹೋಗಬೇಕು, ಪುಸ್ತಕವನ್ನು ಅದೇ ತಟ್ಟೆಯಲ್ಲಿ ತರಬೇಕು. ಒಂದೇ ಪ್ರತಿ ಇರುವ ಪುಸ್ತಕಗಳಿಗೆ ಬೇರೆ ಗಾಜಿನ ಬೀರು. ಅವನ್ನು ಮನೆಗೆ ಒಯ್ಯುವಂತಿಲ್ಲ, ಕೋಣೆಯಲ್ಲೇ ಓದಿ ಗಂಟೆ ಹೊಡೆಯುವ ಮೊದಲು ಕೊಡಬೇಕು. ವಾಪಸು ಕೊಟ್ಟಾಗ ಲೈಬ್ರೇರಿಯನ್ನರು ಹೆಬ್ಬೆರಳಿನಿಂದ ಸರ್ರನೆ ಪುಟ ಹಾಯಿಸುವರು, ವೀಳ್ಯದೆಲೆ ಕವಳೆ ಎಣಿಸುವ ಹಾಗೆ. ಒಂದು ಮಡಿಕೆ, ಒಂದು ಪೆನ್ಸಿಲ್ ಗೀರು ಅವರ ಕಣ್ಣು ತಪ್ಪಿಸುತ್ತಿರಲಿಲ್ಲ. ದಿನಪತ್ರಿಕೆ ನಮ್ಮ ಕೋಣೆಗೆ ಬರುತ್ತಿದ್ದುದು ಮಾರನೇ ದಿನ, ಮೇಷ್ಟ್ರುಗಳೆಲ್ಲ ಓದಿ ಮುಗಿಸಿದ ಮೇಲೆ. ನಾನು ಒಮ್ಮೆ ಕೇಳಿದ್ದಕ್ಕೆ, “ಹುಡುಗಿಯರಿಗೆ ಇವತ್ತಿನ ಸುದ್ದಿ ಗೊತ್ತಾಗಿ ಏನಾಗ್ಬೇಕಮ್ಮ? ನಿನ್ನೇದು ಸಾಕು” ಅಂದರು. ಅದು ತಮಾಷೆಯಲ್ಲ, ಅವರು ನಿಜವಾಗಿ ಹಾಗೇ ತಿಳಿದಿದ್ದರು.

ಕಾಲೇಜಿಗೆ ಭದ್ರಾವತಿಯಿಂದ ಬರುತ್ತಿದ್ದ ಹುಡುಗಿ ಒಬ್ಬಳೇ. ನಮ್ಮ ಹಿಂದಿನ ಸಾಲಿನ ಮನೆಯವಳು. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡ ವಿಷಮಶೀತ ಜ್ವರದಲ್ಲಿ ಹೋದ. ಅವಳ ಓದು ಬಿಡಿಸಬೇಡಿ ಅಂತ ಸಾಯುವ ಮುಂಚೆ ಅಪ್ಪನಿಗೆ ಹೇಳಿದ್ದನಂತೆ. ಮಾವ ಕಾರ್ಖಾನೆಯಲ್ಲಿ ಮೇಸ್ತ್ರಿ, ಒರಟು ಮನುಷ್ಯ, ಆದರೆ ಸತ್ತ ಮಗನ ಮಾತಿಗೆ ಕಟ್ಟುಬಿದ್ದಿದ್ದರು. ಮಾರ್ಚಿಯಲ್ಲಿ ಹುಡುಗಿ ಕೆಮಿಸ್ಟ್ರಿಯಲ್ಲಿ ಫೇಲಾದಳು. ಅವತ್ತು ಮಾವ ಹೇಳಿದ್ದನ್ನು ಅವಳು ಗಾಡಿಯಲ್ಲಿ ನನಗೆ ಹಾಗೇ ಒಪ್ಪಿಸಿದಳು. “ಅಕ್ಟೋಬರ್ ಪರೀಕ್ಷೆ ಒಂದು ಸಲ ಕಟ್ಟು. ಪಾಸಾದ್ರೆ ಮುಂದಿನ ಮಾತು. ಇಲ್ಲ ಅಂದ್ರೆ ಹೊಳಲೂರಿಗೆ.”

ಹೊಳಲೂರಿನಲ್ಲಿ ಮಾವನ ಅಕ್ಕನ ಮನೆ. ದೊಡ್ಡ ಸಂಸಾರ, ಕೊಟ್ಟಿಗೆ ತುಂಬ ದನ, ಹಾಸಿಗೆ ಹಿಡಿದ ಮುದುಕರು, ಒಲೆ ಆರುವುದೇ ಇಲ್ಲ. ಅಲ್ಲಿಗೆ ಒಬ್ಬ ಹೆಂಗಸು ಬೇಕಿತ್ತು, ಸಂಬಳ ಕೇಳದವಳು, ತವರಿಗೆ ಹೋಗುತ್ತೇನೆ ಅನ್ನದವಳು. “ಹೋದ್ರೆ ಅಷ್ಟೇ ದೊಡ್ಡಮ್ಮ, ಅಲ್ಲಿಂದ ನನ್ನ ಹೆಣನೇ ಹೊರಗೆ ಬರೋದು” ಅಂದಳು. ಅತ್ತು ಹೇಳಲಿಲ್ಲ. ಆಮೇಲೆ ಪುಸ್ತಕ ತೆಗೆದು ಬಾಯಿಪಾಠ ಮಾಡತೊಡಗಿದಳು.

ಮನೆ ಬಿಡುವಾಗ ಅವಳ ಹಣೆಯಲ್ಲಿ ವಿಭೂತಿ ಮಾತ್ರ. ತುಂಗೆಯ ಸೇತುವೆಯ ಮೇಲೆ ಗಾಡಿ ಬಂದಾಗ ನಾನು ಹೊಳೆಗೆ ಕೈ ಮುಗಿಯುತ್ತಿದ್ದೆ, ಅವಳು ಒದ್ದೆ ಸೆರಗಿನಿಂದ ವಿಭೂತಿ ಒರೆಸಿಕೊಳ್ಳುತ್ತಿದ್ದಳು. ನಮ್ಮ ಕೋಣೆಗೆ ಬಂದ ಮೇಲೆ ನನ್ನ ಚೀಲದಲ್ಲಿದ್ದ ಕುಂಕುಮದ ಭರಣಿ ತೆಗೆದು ಒಂದು ಬೊಟ್ಟು ಇಟ್ಟುಕೊಳ್ಳುವಳು. ಸಂಜೆ ಅದೇ ಸೇತುವೆಯ ಮೇಲೆ ಅದನ್ನೂ ಒರೆಸುವಳು. ಕಾಲೇಜಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೊದಲ ದಿನ ಭರಣಿಗೆ ಕೈ ಹಾಕುವಾಗ ನನ್ನ ಮುಖ ನೋಡಿದ್ದಳು. ನಾನು ಕಿಟಕಿ ಕಡೆ ತಿರುಗಿದೆ. ಲಿಂಗ ಕಟ್ಟಿಕೊಂಡವರಿಗೆ ಸೂತಕವಿಲ್ಲ ಅಂತ ನಮ್ಮ ಅಜ್ಜಯ್ಯ ಹೇಳುತ್ತಿದ್ದರು. ಹಾಗೆ ಹೇಳುತ್ತಲೇ ವಿಧವೆ ಸೊಸೆಯನ್ನು ಅರಿಶಿನದ ತಟ್ಟೆಯಿಂದ ಆಚೆ ಕೂರಿಸಿದ ಮನೆಗಳನ್ನೂ ಕಂಡಿದ್ದೇನೆ. ಶಿವ ಬೇಡ ಅನ್ನದ್ದನ್ನು ನಾನ್ಯಾಕೆ ಬೇಡ ಅನ್ನಲಿ ಅಂದುಕೊಂಡೆ.

ಬೊಟ್ಟು ಇಟ್ಟ ಮೇಲೆ ಅವಳು ಬೇರೆ ಹುಡುಗಿ. ವಕೀಲರ ಮಗಳು ಅಂತ ಒಬ್ಬಳಿದ್ದಳು, ಅವಳದೂ ಅಕ್ಟೋಬರ್ ಪರೀಕ್ಷೆ, ಆದರೆ ಇಂಗ್ಲಿಷಿಗೆ. ಬಾಯಿ ಜೋರು. ಇಬ್ಬರೂ ಪಕ್ಕಪಕ್ಕ ಕೂತು, ಒಂದೇ ಬಾಚಣಿಗೆಯಲ್ಲಿ ತಲೆ ಬಾಚಿಕೊಂಡು, ಬುತ್ತಿ ಹಂಚಿಕೊಂಡು ಕಿಸಕಿಸ ನಗುವರು. “ನಿನ್ನ ಅವಲಕ್ಕಿಗೆ ಉಪ್ಪಿಲ್ಲ ಮಾರಾಯ್ತಿ, ಗಂಡನ ಮನೇಲಿ ಏನ್ ಮಾಡ್ತೀಯೋ!” ಅಂತ ವಕೀಲರ ಮಗಳು ರೇಗಿಸಿದರೆ ಇವಳೂ ನಗುವಳು. ನಾನು ತಲೆ ಎತ್ತದೆ ಬತ್ತಿ ಹೊಸೆಯುತ್ತಿದ್ದೆ.

ಕೆಮಿಸ್ಟ್ರಿಗೆ ಬೇಕಾದ ಪುಸ್ತಕ ಗಾಜಿನ ಬೀರುವಿನಲ್ಲಿತ್ತು. ಕೆಂಪು ಕ್ಯಾಲಿಕೋ ರಟ್ಟು, ಬೆನ್ನಿನ ಮೇಲೆ ಚಿನ್ನದ ಅಕ್ಷರ, ಇಟ್ಟಿಗೆಯಷ್ಟು ದಪ್ಪ. ಊರಲ್ಲೆಲ್ಲ ಅದೊಂದೇ ಪ್ರತಿ. ಹುಡುಗಿ ದಿನಾ ಅದಕ್ಕೆ ಚೀಟಿ ಬರೆಯುವಳು, ನಾನು ದಿನಾ ತಟ್ಟೆಯಲ್ಲಿ ತರುವೆ. ಓದಿ, ನೋಟು ಬರೆದುಕೊಂಡು, ಅರ್ಧಕ್ಕಿಂತ ಹೆಚ್ಚು ಮುಗಿಸಿದ್ದಳು. ಅಷ್ಟರಲ್ಲಿ ದಸರಾ ರಜೆ ಬಂತು. ಅಕ್ಟೋಬರ್ ಪರೀಕ್ಷೆಯವರಿಗಾಗಿ ಲೈಬ್ರರಿ ಹಗಲು ಹೊತ್ತು ತೆರೆದಿಡುತ್ತಿದ್ದರು. ಪರೀಕ್ಷೆ ವಿಜಯದಶಮಿ ಕಳೆದ ಕೂಡಲೇ.

ಲೈಬ್ರೇರಿಯನ್ನರದು ಒಂದು ಪದ್ಧತಿ. ಮೂಲಾ ನಕ್ಷತ್ರದ ದಿನ ಹಾಲಿನಲ್ಲಿ ಸರಸ್ವತಿಯನ್ನು ಕೂರಿಸುವುದು. ಪುಸ್ತಕಗಳನ್ನೇ ಪೀಠವಾಗಿ ಜೋಡಿಸಿ, ಮೇಲೆ ಕೆಂಪು ವಸ್ತ್ರ, ಅದರ ಮೇಲೆ ಕಳಶ. ಅವತ್ತಿನಿಂದ ವಿಜಯದಶಮಿಯ ವಿಸರ್ಜನೆಯವರೆಗೆ ಯಾರಿಗೂ ಯಾವ ಪುಸ್ತಕವೂ ಇಲ್ಲ. ಕೋಣೆಯಲ್ಲಿ ಕೂತು ಸ್ವಂತ ನೋಟು ಓದಿಕೊಳ್ಳಬಹುದು, ಅಷ್ಟೇ. ದೇವಿಗೆ ಯೋಗ್ಯವಾಗಿರಬೇಕು ಅಂತ ಅವರು ಪೀಠಕ್ಕೆ ಆರಿಸುತ್ತಿದ್ದುದು ದಪ್ಪನೆಯ, ಚಿನ್ನದ ಅಕ್ಷರದ ಪುಸ್ತಕಗಳನ್ನು. ಆ ವರ್ಷ ಮೇಲಿನಿಂದ ಎರಡನೆಯದಾಗಿ ಕೆಮಿಸ್ಟ್ರಿ ಪುಸ್ತಕ ಕೂತಿತು.

ನಾನು ಹೋಗಿ ಕೇಳಿದೆ. “ಸ್ವಾಮಿ, ಅದೊಂದು ಪುಸ್ತಕ ಬಿಟ್ಟು ಬೇರೆ ಇಡಬಹುದಾ? ಪರೀಕ್ಷೆಯವರಿಗೆ ಬೇಕು.”

“ಕೂರಿಸಿ ಆಯ್ತಲ್ಲಮ್ಮ. ಈಗ ಸರಸ್ವತೀನ ಎಬ್ಬಿಸಿ, ತಾಯಿ ಸ್ವಲ್ಪ ಸರ್ಕೊಳ್ಳಿ ಅನ್ಲಾ?”

“ಒಂದೇ ಪ್ರತಿ ಸ್ವಾಮಿ.”

“ಮಾರ್ಚಿಯಲ್ಲೂ ಒಂದೇ ಪ್ರತಿ ಇತ್ತು. ಆಗ ಓದಿದವರು ಪಾಸಾದ್ರು. ಫೇಲಾದವರಿಗೋಸ್ಕರ ದೇವರನ್ನ ಅಲ್ಲಾಡಿಸೋಕಾಗಲ್ಲ.” ಆಮೇಲೆ ಸ್ವಲ್ಪ ಮೆತ್ತಗಾಗಿ ಹೇಳಿದರು. “ನೀವು ಮಡಿ ಹೆಂಗಸು. ಬೆಳಿಗ್ಗೆ ಹೂ ಬದಲಾಯಿಸೋದು, ದೀಪಕ್ಕೆ ಎಣ್ಣೆ ಹಾಕೋದು ನಿಮಗೇ ವಹಿಸಿದೀನಿ. ನಾನು ಮಂಗಳಾರತಿ ಮಾಡಿ ಮನೆಗೆ ಹೋಗ್ತೀನಿ. ಬೊಂಬೆ ಆರತಿ ಇರುತ್ತೆ.”

ಅವತ್ತು ಹುಡುಗಿ ಕೋಣೆಯಲ್ಲಿ ಬರಿ ಕೈಯಲ್ಲಿ ಕೂತಿದ್ದಳು. ಬಾಗಿಲಿನಿಂದ ಪೀಠ ಕಾಣುತ್ತಿತ್ತು. ವಸ್ತ್ರದ ಅಂಚಿನ ಕೆಳಗೆ ಕೆಂಪು ರಟ್ಟಿನ ಒಂದು ಮೂಲೆ. ಅವಳು ಅದನ್ನೇ ನೋಡುತ್ತಿದ್ದಳು. ಹಸಿದವರು ನೈವೇದ್ಯ ನೋಡುವುದನ್ನು ನಾನು ಕಂಡಿದ್ದೇನೆ, ಆ ಥರ.

ರಾತ್ರಿ ಮನೆಯವರಿಗೆ ಔಷಧ ಕೊಟ್ಟು ಮಲಗಿದರೂ ನನಗೆ ಅದೇ ಯೋಚನೆ. ಪೂಜೆಗೆ ಕೂತದ್ದನ್ನು ಕದಲಿಸುವುದು ತಪ್ಪು, ಇದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಮರದ ತುಂಡು ನೆನಪಾಯಿತು. ಲೈಬ್ರರಿಯ ನಿಯಮವೇ ಅಲ್ಲವೆ ಅದು? ಪುಸ್ತಕ ಓದುವವರ ಕೈಗೆ ಹೋದಾಗ ಅದರ ಜಾಗದಲ್ಲಿ ಮರದ ತುಂಡು ಕೂರುತ್ತದೆ. ಜಾಗ ಖಾಲಿಯಾಗುವುದಿಲ್ಲ. ಕಲ್ಲಲ್ಲಿ ಮಣ್ಣಲ್ಲಿ ಇರುವ ತಾಯಿ ಮರದ ಮೇಲೆ ಒಂದು ಹಗಲು ಕೂರಲಾರಳೆ? ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, “ತಪ್ಪಾದ್ರೆ ನನ್ನ ಮೇಲಿರಲಿ” ಅಂತ ಹೇಳಿಕೊಂಡು ಎದ್ದೆ.

ಲೈಬ್ರೇರಿಯನ್ನರು ಮಂಗಳಾರತಿ ಮುಗಿಸಿ ಮನೆಗೆ ಹೋದರು. ಹೂ ಬದಲಾಯಿಸುವ ನೆವದಲ್ಲಿ ವಸ್ತ್ರ ಸರಿಸಿದೆ. ಎಡಗೈಯಿಂದ ಕಳಶದ ಸಮೇತ ಮೇಲಿನ ಪುಸ್ತಕವನ್ನು ತುಸು ಎತ್ತಿ ಹಿಡಿದು, ಬಲಗೈಯಿಂದ ಕೆಮಿಸ್ಟ್ರಿಯನ್ನು ಎಳೆದು ಮರದ ತುಂಡನ್ನು ತಳ್ಳಿದೆ. ಕಳಶದ ನೀರು ಅಲುಗಾಡಿತು, ಚೆಲ್ಲಲಿಲ್ಲ. ಪುಸ್ತಕವನ್ನು ಹಳೇ ಹೂವಿನ ಬುಟ್ಟಿಯಲ್ಲಿಟ್ಟು ಕೋಣೆಗೆ ತಂದೆ. ಹುಡುಗಿ ಅದನ್ನು ತೆಗೆದುಕೊಂಡು ಮೂಸಿದಳು. ಸಂಪಿಗೆ ವಾಸನೆ ಹತ್ತಿತ್ತು.

ಅಟೆಂಡರು ಮಧ್ಯಾಹ್ನ ಎಲೆಯಡಿಕೆ ಹಾಕಿಕೊಳ್ಳುತ್ತ ಪೀಠದ ಮುಂದೆ ತುಂಬ ಹೊತ್ತು ನಿಂತಿದ್ದರು. ವಯಸ್ಸಾದ ಮನುಷ್ಯ, ತುಂಡುಗಳನ್ನೆಲ್ಲ ಕೈಯಾರೆ ಇಟ್ಟು ತೆಗೆದವರು. “ಅಮ್ಮಾ, ಸರಸ್ವತಿ ಇವತ್ತು ಒಂಚೂರು ಕುಳ್ಳಗಾದ ಹಾಗೆ ಕಾಣ್ತಾಳಲ್ಲ?” ಅಂದರು.

“ಉಪವಾಸ ಇರಬೇಕು” ಅಂದೆ.

“ಅದೂ ಸರಿ. ಸಂಜೆ ಹೊತ್ತಿಗೆ ಉದ್ದ ಆಗ್ತಾಳೆ ತಾನೆ?”

“ಆಗ್ತಾಳೆ.”

ಅವರು ಮತ್ತೆ ಆ ಮಾತೆತ್ತಲಿಲ್ಲ. ಸಂಜೆ ಪುಸ್ತಕ ಪೀಠಕ್ಕೆ ಹೋಯಿತು, ಮಾರನೇ ಬೆಳಿಗ್ಗೆ ಮತ್ತೆ ಬುಟ್ಟಿಗೆ ಬಂತು.

ಆಯುಧಪೂಜೆಯ ಹಿಂದಿನ ದಿನ ವಿಪರೀತ ಸೆಖೆ. ಮಳೆ ಹೋಗಿ ಒಂದು ವಾರವಾಗಿರಲಿಲ್ಲ, ಹೆಂಚು ಕಾದು ಕೋಣೆ ಒಲೆಯಾಗಿತ್ತು. ವಕೀಲರ ಮಗಳು ಊಟಕ್ಕೆ ಮನೆಗೆ ಹೋಗಿದ್ದಳು. ನಾನು ಹಾಲಿನಲ್ಲಿ ದೀಪಕ್ಕೆ ಎಣ್ಣೆ ಹಾಕಿ ಬಂದಾಗ ನಮ್ಮ ಹುಡುಗಿ ತೆರೆದ ಪುಸ್ತಕದ ಮೇಲೆ ಹಣೆಯಿಟ್ಟು ನಿದ್ದೆ ಹೋಗಿದ್ದಳು. ಮನೆಯಲ್ಲಿ ಮಾವನ ಪಾಳಿಗೆ ಬುತ್ತಿ ಕಟ್ಟಲು ಬೆಳಗಿನ ಜಾವಕ್ಕೆ ಏಳುವ ಜೀವ. ಎಬ್ಬಿಸಲು ಮನಸ್ಸು ಬರಲಿಲ್ಲ, ಒಂದಿಷ್ಟು ಹೊತ್ತು ಮಲಗಲಿ ಅಂತ ಬಿಟ್ಟೆ. ಎದ್ದಾಗ ಪುಟದ ಮೇಲೆ ದುಂಡನೆಯ ಕೆಂಪು. ಬೆವರಿಗೆ ಕರಗಿದ ಕುಂಕುಮ ಸರಿಯಾಗಿ ಹಣೆಯ ಬೊಟ್ಟಿನ ಹಾಗೇ ಅಚ್ಚೊತ್ತಿತ್ತು.

ಬತ್ತಿಗೆ ಇಟ್ಟಿದ್ದ ಹತ್ತಿಯಿಂದ ಮೆಲ್ಲಗೆ ತಟ್ಟಿದೆ. ಪುಡಿ ಬಂತು, ಬಣ್ಣ ಬರಲಿಲ್ಲ. “ನೀನು ಉಳಿದದ್ದು ಓದಿ ಮುಗಿಸು” ಅಂದೆ. ಸಂಜೆ ಪುಸ್ತಕ ಮುಗಿಸಿಯೇ ಕೊಟ್ಟಳು. ನಾನು ಅದನ್ನು ಪೀಠದಲ್ಲಿಟ್ಟು, ಆ ಒಂದು ಪುಟ ಅವರ ಹೆಬ್ಬೆರಳಿಗೆ ಸಿಗದೆ ಹೋಗಲಿ ಅಂತ ತಾಯಿಯನ್ನು ಬೇಡಿಕೊಂಡೆ.

ವಿಜಯದಶಮಿಯ ದಿನ ನಾನೊಬ್ಬಳೇ ಬಂದೆ. ವಿಸರ್ಜನೆಯಾದ ಮೇಲೆ ಲೈಬ್ರೇರಿಯನ್ನರು ಒಂದೊಂದೇ ಪುಸ್ತಕ ಒರೆಸಿ, ಸರ್ರನೆ ಪುಟ ಹಾಯಿಸಿ ಅಟೆಂಡರ ಕೈಗೆ ಕೊಡುತ್ತಿದ್ದರು. ಕೆಮಿಸ್ಟ್ರಿ ಬಂತು. ಹೆಬ್ಬೆರಳು ನಿಂತಿತು.

“ಇದೇನು?”

ಪುಸ್ತಕವನ್ನು ಬೆಳಕಿಗೆ ಹಿಡಿದರು. “ಮೇಲಿಂದ ಬಿದ್ದಿದ್ದಲ್ಲ. ಒಳಗಿನ ಪುಟ. ಇದು ಹೆಂಗಸಿನ ಹಣೆ.”

“ನಂದೇ ಸ್ವಾಮಿ” ಅಂದೆ. “ಹೂ ಬದಲಾಯಿಸೋವಾಗ ಪುಸ್ತಕಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡ್ದೆ.”

ಅವರು ನನ್ನ ಮುಖದ ಹತ್ತಿರ ಬಂದು, ಪುಸ್ತಕ ನೋಡಿ, ಹಣೆ ನೋಡಿ, ಮತ್ತೆ ಪುಸ್ತಕ ನೋಡಿದರು. “ನಿನ್ನ ಹಣೇಲಿ ಮೂರು ಬೆರಳು ಬೂದಿ ಇದೆ. ಹಚ್ಚಿದ್ರೆ ಬೂದಿಯೂ ಹತ್ತಬೇಕಿತ್ತು. ಇಲ್ಲಿ ಬರೀ ಕುಂಕುಮ.” ಅಲ್ಲಿಯವರೆಗೆ ನೀವು ಅನ್ನುತ್ತಿದ್ದವರು ಅವತ್ತಿನಿಂದ ನೀನು ಅಂದರು. “ಕೆಮಿಸ್ಟ್ರಿ ಪರೀಕ್ಷೆ ಕಟ್ಟಿರೋ ಹುಡುಗಿ ಒಬ್ಬಳೇ. ಪೂಜೆ ಪುಸ್ತಕ ಕದ್ದು ಓದಿದಾಳೆ, ಹಾಳೂ ಮಾಡಿದಾಳೆ. ಅವಳ ನೋ ಡ್ಯೂ ಚೀಟಿಗೆ ನಾನು ಸಹಿ ಹಾಕಲ್ಲ. ಮನೆ ಹಿರಿಯರನ್ನ ಕರ್ಕೊಂಡು ಬರ್ಲಿ.”

ಪುಸ್ತಕ ಬಾಕಿ ಇಲ್ಲ ಅನ್ನುವ ಆ ಚೀಟಿ ತೋರಿಸದೆ ಆಫೀಸಿನವರು ಹಾಲ್ ಟಿಕೆಟ್ ಕೊಡುತ್ತಿರಲಿಲ್ಲ. ಮಾರನೇ ದಿನವೇ ಕೊನೆ. ಹಿರಿಯರು ಅಂದರೆ ಮಾವ. ಮಾವ ಬಂದು ಆ ಪುಟ ನೋಡಿದರೆ, ಸೊಸೆಯ ಹಣೆಯ ಕುಂಕುಮ ಅಂತ ತಿಳಿದರೆ, ಹೊಳಲೂರಿಗೆ ಕಳಿಸಲು ಮರುದಿನದ ಬಸ್ಸಿಗೂ ಕಾಯುತ್ತಿರಲಿಲ್ಲ.

ಗಾಡಿಯಲ್ಲಿ ಮನೆಗೆ ಬರುವಾಗ ಲೈಬ್ರೇರಿಯನ್ನರ ಮಾತನ್ನು ಮತ್ತೆ ಮತ್ತೆ ತಿರುವಿ ನೋಡಿದೆ. ಬೂದಿ ಇಲ್ಲ, ಬರೀ ಕುಂಕುಮ. ಆ ಹುಡುಗಿ ಮನೆಯಿಂದ ಹೊರಡುವಾಗ ಅವಳ ಹಣೆಯಲ್ಲಿ ಇರುವುದು ಬರೀ ಬೂದಿ. ಇನ್ನೊಂದೂ ಹೊಳೆಯಿತು. ಅವರು ಅವಳ ಮುಖವನ್ನೇ ನೋಡಿಲ್ಲ. ಅವರದೇ ಕಟ್ಟಳೆ, ಹುಡುಗಿಯರು ಕಿಂಡಿಗೆ ಬರಕೂಡದು. ಇಷ್ಟು ದಿನ ಅವರು ಕಂಡದ್ದು ಅವಳ ಚೀಟಿಯನ್ನು, ನನ್ನ ತಟ್ಟೆಯನ್ನು.

ಬೆಳಿಗ್ಗೆ ಗಾಡಿಯಲ್ಲಿ ಅವಳಿಗೆ ನಡೆದದ್ದು ಹೇಳಿದೆ. ಸೇತುವೆಯ ಮೇಲೆ ಸೆರಗಿನ ತುದಿ ಕೈಗೆ ತೆಗೆದುಕೊಂಡಾಗ, “ಇವತ್ತು ವಿಭೂತಿ ಒರೆಸಬೇಡ” ಅಂದೆ. ಅರ್ಥವಾಗಲಿಲ್ಲ ಅವಳಿಗೆ. ಕೋಣೆಗೆ ಬಂದು ಅಭ್ಯಾಸಬಲದಿಂದ ನನ್ನ ಚೀಲಕ್ಕೆ ಕೈ ಹಾಕಿದಳು. ನಾನು ಭರಣಿಯ ಮೇಲೆ ಕೈಯಿಟ್ಟೆ.

“ಹೀಗೇ ಕಿಂಡಿ ಮುಂದೆ ಹೋಗಿ ನಿಲ್ಲು. ಮಾತು ನಾನಾಡ್ತೀನಿ.”

ಆಗ ಅವಳಿಗೆ ತಿಳಿಯಿತು. “ಎಲ್ರ ಮುಂದೆನಾ ದೊಡ್ಡಮ್ಮ? ಇವತ್ತು ಎಲ್ರೂ ಬಂದಿರ್ತಾರೆ. ಹುಡುಗ್ರೂ.”

“ಹೌದು.”

“ಬೇರೆ ದಾರಿ ಇಲ್ವಾ?”

“ನಂಗೆ ಹೊಳೀಲಿಲ್ಲ.”

ಅವಳು ಭರಣಿ ಬಿಡಲಿಲ್ಲ. ಬೆರಳು ಬೆಳ್ಳಗಾಗುವ ಹಾಗೆ ಹಿಡಿದಿದ್ದಳು. “ಒಂದು ವರ್ಷ ದೊಡ್ಡಮ್ಮ. ಒಂದು ವರ್ಷ ನಾನು ಎಲ್ರ ಹಾಗೇ ಇದ್ದೆ ಇಲ್ಲಿ.”

“ನಿಂಗೆ ಸಹಿ ಬೇಕೋ, ಕುಂಕುಮ ಬೇಕೋ?” ಅಂದೆ. ಮೆತ್ತಗೆ ಹೇಳಬಹುದಿತ್ತು. ಮೆತ್ತಗೆ ಹೇಳಿದ್ದರೆ ಅವಳು ಅಲ್ಲೇ ಕೂತುಬಿಡುತ್ತಿದ್ದಳು.

ಬೆರಳು ಒಂದೊಂದಾಗಿ ಸಡಿಲವಾಯಿತು.

ಕಿಂಡಿಯ ಮುಂದೆ ಹುಡುಗರ ಸಾಲಿತ್ತು. ಹುಡುಗಿಯೊಬ್ಬಳು ಅಲ್ಲಿಗೆ ಬಂದದ್ದೇ ಮೊದಲು, ಅವರು ತಾವಾಗಿ ಪಕ್ಕಕ್ಕೆ ಸರಿದರು. ಲೈಬ್ರೇರಿಯನ್ನರು ತಲೆಯೆತ್ತಿ, “ಇಲ್ಲಿಗೆ ಯಾಕೆ ಕರ್ಕೊಂಡು ಬಂದೆ? ಹಿರಿಯರೆಲ್ಲಿ?” ಅಂದರು.

“ಹಿರಿಯರು ಬೇಡ ಸ್ವಾಮಿ, ಹಣೆ ನೋಡಿ ಸಾಕು. ಕೆಮಿಸ್ಟ್ರಿ ಹುಡುಗಿ ಇವಳೇ. ಇಲ್ಲಿ ಬೂದಿ ಇದೆ, ಕುಂಕುಮ ಇಲ್ಲ. ನಿಮ್ಮ ಪುಸ್ತಕದಲ್ಲಿ ಕುಂಕುಮ ಇದೆ, ಬೂದಿ ಇಲ್ಲ.”

“ಇವತ್ತು ಒರೆಸ್ಕೊಂಡು ಬಂದಿರಬಹುದು.”

“ಒರೆಸೋಕೆ ಇದ್ರೆ ತಾನೆ? ಇವಳಿಗೆ ಗಂಡ ಇಲ್ಲ ಸ್ವಾಮಿ. ತೀರಿಕೊಂಡ.”

ಹುಡುಗಿ ಜಾಲರಿ ಹಿಡಿದು ನೆಲ ನೋಡುತ್ತಿದ್ದಳು. ಹುಡುಗರು ಮೊದಲು ಅವಳ ಹಣೆ ನೋಡಿದರು, ಆಮೇಲೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹಿಂದಿನಿಂದ ಯಾವನೋ ಒಬ್ಬ ಮೆಲ್ಲಗೆ ಶಿಳ್ಳೆ ಹಾಕಿದ.

ಲೈಬ್ರೇರಿಯನ್ನರು ಬಾಗಿಲಲ್ಲಿ ನಿಂತಿದ್ದ ವಕೀಲರ ಮಗಳನ್ನು ನೋಡಿದರು. “ನೀನು ದಿನಾ ಇವಳ ಜೊತೆ ಕೂರ್ತಿದ್ದೆ ಅಲ್ವೇನಮ್ಮ? ಹೌದಾ ಇದು? ಇವಳು ಕುಂಕುಮ ಇಡ್ತಿರಲಿಲ್ವಾ?”

ಇದನ್ನು ನಾನು ಲೆಕ್ಕ ಹಾಕಿರಲಿಲ್ಲ. ಅವಳ ಕಣ್ಣೆದುರೇ ದಿನಾ ಇಟ್ಟುಕೊಂಡ ಬೊಟ್ಟು. ನನ್ನ ಕೈ ಲಿಂಗದ ಮೇಲಿತ್ತು. ವಕೀಲರ ಮಗಳು ತನ್ನ ಗೆಳತಿಯ ಹಣೆಯನ್ನೇ ನೋಡುತ್ತಾ ನಿಂತಳು. ಮುಖ ಕೆಂಪಾಯಿತು.

“ಹೌದು ಸಾರ್. ಅವಳು ಇಟ್ಕೊಳ್ಳಲ್ಲ.”

ಅಟೆಂಡರು ಬೀರುವಿನ ಹಿಂದೆ ಹೋಗಿ ಸುಮ್ಮನೆ ಕೆಮ್ಮಿದರು.

ಲೈಬ್ರೇರಿಯನ್ನರು ಸಹಿ ಹಾಕಿದರು. ಹಾಕಿ, ಚೀಟಿಯನ್ನು ಕೈಯಿಂದ ಕೊಡಲಿಲ್ಲ. ರೂಲುದೊಣ್ಣೆಯ ತುದಿಯಿಂದ ಕಿಂಡಿಯಾಚೆ ತಳ್ಳಿದರು. ಅದು ಕೆಳಗೆ ಬಿತ್ತು, ಹುಡುಗಿ ಬಗ್ಗಿ ಎತ್ತಿಕೊಂಡಳು. ಅವಳು ಹಿಡಿದಿದ್ದ ಜಾಲರಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಲು ಅಟೆಂಡರಿಗೆ ಹೇಳಿದರು. “ಹಾಗಾದ್ರೆ ಪೀಠ ಕದಲಿಸಿದವಳು ನೀನೇ ಅಂತಾಯ್ತು” ಅಂತ ನನ್ನ ಕಡೆ ತಿರುಗಿದರು. “ನಾಳೆಯಿಂದ ಬರಬೇಡ. ಆ ಕೋಣೆಯೂ ಬೇಡ. ಹಳೇ ಪತ್ರಿಕೆ ಇಡೋಕೆ ನನಗೆ ಜಾಗ ಇಲ್ಲ.”

ನಾನು ಚೀಲ ತರಲು ಕೋಣೆಗೆ ಹೋದಾಗ ಒಳಗೆ ಮಾತು ಕೇಳಿಸಿತು. ವಕೀಲರ ಮಗಳು ಬಾಚಣಿಗೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡಿದ್ದಳು. “ಮೊದ್ಲೇ ಹೇಳ್ಬಾರ್ದಿತ್ತಾ ನೀನು? ಇದರಲ್ಲೇ ತಲೆ ಬಾಚ್ಕೊಂಡಿದೀನಿ, ನಿನ್ನ ಕೈಯಿಂದ ಹೂ ಮುಡ್ಕೊಂಡಿದೀನಿ. ನನ್ನ ಮದುವೆ ಗೊತ್ತಾಗಿದೆ ಮಾರಾಯ್ತಿ.” ಬಾಚಣಿಗೆಯನ್ನು ಕಿಟಕಿಯಿಂದಾಚೆ ಹಾಕಿದಳು. ಐದು ನಿಮಿಷದ ಹಿಂದೆ ಅವಳನ್ನು ಉಳಿಸಿದವಳೂ ಇವಳೇ. ಎರಡೂ ಒಂದೇ ಬಾಯಿ.

ಹುಡುಗಿ ಪರೀಕ್ಷೆ ಬರೆದಳು. ಪರೀಕ್ಷೆಯ ಹಾಲಿನಲ್ಲಿ ಅವಳ ಸುತ್ತಲಿನವರು ಬೆಂಚು ದೂರ ಎಳೆದುಕೊಂಡರಂತೆ. ಅಟೆಂಡರು ಪೇಟೆಯಲ್ಲಿ ಸಿಕ್ಕಾಗ ಹೇಳಿದರು. ಕೋಣೆಯ ಬೋರ್ಡು ತೆಗೆದರು ಅಂತಲೂ ಹೇಳಿದರು. ಹುಡುಗಿಯರು ಈಗ ಅಣ್ಣನ ಕೈಲೋ ತಮ್ಮನ ಕೈಲೋ ಪುಸ್ತಕ ತರಿಸುತ್ತಾರೆ, ಅಣ್ಣ ತಮ್ಮ ಇಲ್ಲದವರಿಗೆ ಪುಸ್ತಕವೂ ಇಲ್ಲ.

ಸುದ್ದಿ ಭದ್ರಾವತಿಗೂ ಬಂತು. ಮೇಸ್ತ್ರಿ ಒಂದು ಸಂಜೆ ನಮ್ಮ ಮನೆ ಬಾಗಿಲಿಗೆ ಬಂದಾಗ ಕುಂಕುಮದ ವಿಷಯ ತಿಳಿಯಿತೇನೋ ಅಂದುಕೊಂಡೆ. ಅವರ ಕೈಯಲ್ಲಿ ಬೆಲ್ಲದ ಅಚ್ಚಿತ್ತು.

“ಎಲ್ರ ಎದುರಿಗೇ ಹೇಳಿದ್ರಂತೆ ಅಮ್ಮ. ಒಳ್ಳೇದು ಮಾಡಿದ್ರಿ. ನಂಗೆ ಅದೇ ಭಯ ಇತ್ತು, ಹುಡುಗ್ರ ನಡುವೆ ಹೋಗೋಳು. ಇನ್ನು ಯಾವನೂ ಕಣ್ಣೆತ್ತಿ ನೋಡಲ್ಲ. ನಮ್ಮನೆ ಮರ್ಯಾದೆ ಉಳಿಸಿದ್ರಿ.”

ಕೈ ಮುಗಿದು ಹೋದರು. ಆ ಬೆಲ್ಲವನ್ನು ಒಳಗೆ ತರಲು ಮನಸ್ಸಾಗಲಿಲ್ಲ, ಬೀದಿ ದನಕ್ಕೆ ಹಾಕಿದೆ.

ಹುಡುಗಿ ಪಾಸಾದಳು. ಮೈಸೂರಿನಲ್ಲಿ ಆಸ್ಪತ್ರೆಯ ಲ್ಯಾಬಿನ ಕೆಲಸ ಕಲಿಸುತ್ತಾರೆ ಅಂತ ಯಾರೋ ಹೇಳಿದ್ದರು. ಮಾವ ಒಪ್ಪಿಕೊಂಡರು. ಎಲ್ಲರಿಗೂ ಗೊತ್ತಾಗಿದೆಯಲ್ಲ, ಇನ್ನು ಎಲ್ಲಿಗೆ ಹೋದರೇನು ಅಂದರಂತೆ. ಮನೆಯವರು ಅಷ್ಟರಲ್ಲಿ ಎದ್ದು ಓಡಾಡುತ್ತಿದ್ದರು. ಹೊಳಲೂರು ತಪ್ಪಿತು, ಮನೆಯವರ ಜ್ವರ ಬಿಟ್ಟಿತು. ದಿನಾ ಪೂಜೆಯಲ್ಲಿ ಇವೆರಡನ್ನೂ ನೆನೆದುಕೊಳ್ಳುತ್ತಿದ್ದೆ.

ಹೊರಡುವ ಹಿಂದಿನ ದಿನ ಹೇಳಿ ಹೋಗಲು ಬಂದಳು. ಆ ಬೆಳಗಿನಿಂದ ಅವಳು ನನ್ನ ಜೊತೆ ಮಾತಾಡಿರಲಿಲ್ಲ. ಕೂತಳು, ಕಾಫಿ ಕುಡಿದಳು, ಮನೆಯವರ ಆರೋಗ್ಯ ಕೇಳಿದಳು. ಅವಲಕ್ಕಿ ಕೊಟ್ಟೆ, ಒಂದು ತುತ್ತು ತಿಂದಳು. ಹೊರಡಲು ಎದ್ದಾಗ ನಾನು ಒಳಗಿನಿಂದ ಆ ಭರಣಿ ತಂದೆ. ಮನೆಗೆ ಬಂದ ಹೆಣ್ಣುಮಗಳನ್ನು ಬರಿ ಹಣೆಯಲ್ಲಿ ಕಳಿಸುವುದಿಲ್ಲ ನಾವು. ನಮ್ಮ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಬಾಗಿಲು ಅರ್ಧ ಮುಂದೆ ಮಾಡಿತ್ತು. ಮುಚ್ಚಳ ತೆಗೆದು ಅವಳ ಮುಂದೆ ಹಿಡಿದೆ.

ಅವಳು ಭರಣಿ ನೋಡಿದಳು. ಕೈ ಮುಂದೆ ಬರಲಿಲ್ಲ.

“ಬೇಡ ದೊಡ್ಡಮ್ಮ” ಅಂದಳು. “ಸಹಿ ಸಿಕ್ತಲ್ಲ.”

ಬಗ್ಗಿ ನನ್ನ ಕಾಲು ಮುಟ್ಟಿ, ಚಪ್ಪಲಿ ಮೆಟ್ಟಿಕೊಂಡು ಹೋದಳು.